ಸುಂಕದಕಟ್ಟೆ ಹೋಯಿತು, ಸುಂಕ ಉಳಿಯಿತು

ಬೆಂಗಳೂರಿನಲ್ಲಿ ಸುಂಕದಕಟ್ಟೆ ಅಂತ ಒಂದು ಬಡಾವಣೆ ಇದೆ. ಹೆಸರೇ ಕಥೆ ಹೇಳುತ್ತದೆ. ಸರಕು ಹೊತ್ತ ಗಾಡಿಗಳನ್ನು ನಿಲ್ಲಿಸಿ ಸುಂಕ ಎಣಿಸಿಕೊಳ್ಳುತ್ತಿದ್ದ ಕಟ್ಟೆಗಳು ಹಿಂದೆ ಎಲ್ಲ ಕಡೆ ಇದ್ದವು. ನಿಜಾಮರ ಕಾಲದಲ್ಲಿ ಬೀದರ್, ಕಲಬುರಗಿ, ರಾಯಚೂರಿನವರು ವಿಜಯಪುರದ ಕಡೆ ಹೊರಟರೆ ಸುಂಕದ ಜೊತೆ ನಾಣ್ಯವೂ ಬದಲಾಗುತ್ತಿತ್ತು. ಹೈದರಾಬಾದಿನ ಹಾಲಿ ಸಿಕ್ಕಾ ಏಳು ರೂಪಾಯಿ ಕೊಟ್ಟರೆ ಬ್ರಿಟಿಷರ ಆರು ರೂಪಾಯಿ ಸಿಗುತ್ತಿತ್ತು.

1956ರ ನವೆಂಬರ್ 1ರಂದು ಈ ಜಿಲ್ಲೆಗಳೆಲ್ಲ ಒಂದೇ ರಾಜ್ಯಕ್ಕೆ ಸೇರಿದವು. 1979ರಲ್ಲಿ ಕರ್ನಾಟಕ ಆಕ್ಟ್ರಾಯ್ ಸುಂಕವನ್ನೂ ಕೈಬಿಟ್ಟಿತು. 2017ರಲ್ಲಿ ಜಿಎಸ್‌ಟಿ ಬಂತು. ಆದರೂ ಪುಣೆಗೋ ಹೈದರಾಬಾದಿಗೋ ದುಡಿಯಲು ಹೋಗುವ ನಮ್ಮವರ ಕಾರು ಗಡಿ ದಾಟಿ ಅಲ್ಲೇ ಉಳಿದರೆ ಹೊಸ ತೆರಿಗೆ ಕಟ್ಟಲೇಬೇಕು. ಯಾಕೆ?

ಉತ್ತರ ಸಂವಿಧಾನದ ಏಳನೇ ಅನುಸೂಚಿಯಲ್ಲಿದೆ. ವಿಮೆ ಕೇಂದ್ರದ ಪಟ್ಟಿಗೆ ಹೋಯಿತು, ವಾಹನದ ತೆರಿಗೆ ರಾಜ್ಯದ ಪಟ್ಟಿಗೆ. ನಮ್ಮ ರಾಜ್ಯ 1957ರಲ್ಲೇ ಅದಕ್ಕೊಂದು ಕಾಯ್ದೆ ಮಾಡಿಕೊಂಡಿತು. ಪೆಟ್ರೋಲ್, ಡೀಸೆಲ್ ಕಾರಿನ ಜೀವಾವಧಿ ತೆರಿಗೆ ಇಲ್ಲಿ ಬೆಲೆಯ ಶೇ. 13ರಿಂದ 18ರವರೆಗೆ ಏರಿತು, ಮೇಲೆ ಸೆಸ್ ಬೇರೆ. ಪುದುಚೇರಿಯಲ್ಲಿ ಬಹಳ ಕಡಿಮೆ. ದೊಡ್ಡ ಕಾರಿನವರು ಅಲ್ಲಿನ ನಂಬರ್ ಹಾಕಿಸಿಕೊಂಡು ಇಲ್ಲಿ ಓಡಾಡಿದ್ದು ಅದಕ್ಕೇ.

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಗಾಡಿ ಇಟ್ಟುಕೊಂಡರೆ ಅಲ್ಲಿನ ನಂಬರ್ ಪಡೆಯಬೇಕು. ಕರ್ನಾಟಕ 2014ರಲ್ಲಿ, 30 ದಿನ ದಾಟಿದರೆ ಜೀವಾವಧಿ ತೆರಿಗೆ ಕಟ್ಟಿ ಎಂದಿತು. ನಾಲ್ಕು ತಿಂಗಳ ಕೆಲಸಕ್ಕೆ ಬಂದವನೂ ಜೀವಮಾನದ ತೆರಿಗೆ ಕಟ್ಟಬೇಕಂತೆ! 2016ರಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ರದ್ದು ಮಾಡಿತು. ಮಾಡಿದ್ದು ಸರಿ ಎನ್ನುವುದು ನಮ್ಮ ಅಭಿಪ್ರಾಯ.

2021ರಲ್ಲಿ ಕೇಂದ್ರ ಬಿಎಚ್ ನಂಬರ್ ತಂದಿತು. ಎರಡೆರಡು ವರ್ಷಕ್ಕೆ ತೆರಿಗೆ ಕಟ್ಟಿದರಾಯಿತು, ಊರು ಬದಲಾದರೂ ನಂಬರ್ ಅದೇ. ಆದರೆ ಅದು ಸರ್ಕಾರಿ ನೌಕರರಿಗೆ, ಸೈನಿಕರಿಗೆ, ನಾಲ್ಕಕ್ಕಿಂತ ಕಡಿಮೆಯಿಲ್ಲದಷ್ಟು ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಯವರಿಗೆ. ಗಾರೆ ಕೆಲಸದ ಮೇಸ್ತ್ರಿಗೆ ಸಿಗುವುದಿಲ್ಲ.

ವಿಮೆಯ ದಾರಿ ಬೇರೆ. ಗುದ್ದಿಸಿಕೊಂಡವರಿಗೆ ಪರಿಹಾರ ಕೊಡುವ ಥರ್ಡ್ ಪಾರ್ಟಿ ವಿಮೆ 1946ರಿಂದಲೇ ಕಡ್ಡಾಯ. ಅದರ ಕಂತು ಬೀದರಿನಲ್ಲೂ ಅಷ್ಟೇ, ಮುಂಬೈಯಲ್ಲೂ ಅಷ್ಟೇ. ಸ್ವಂತ ಗಾಡಿಯ ಹಾನಿಗೆ ಮಾಡಿಸುವ ವಿಮೆ ಹಾಗಲ್ಲ. 2002ರ ದರಪಟ್ಟಿ ಕಾರುಗಳಿಗೆ ದೇಶವನ್ನು ಎರಡು ವಲಯ ಮಾಡಿತು: ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿ, ಕೋಲ್ಕತ್ತ, ಅಹಮದಾಬಾದ್ ಒಂದು, ಉಳಿದ ದೇಶವೆಲ್ಲ ಇನ್ನೊಂದು. ಲೆಕ್ಕ ಗಾಡಿ ನೋಂದಣಿಯಾದ ಊರಿನದು. 2007ರಿಂದ ಕಂಪನಿಗಳೇ ದರ ಕಟ್ಟುತ್ತಿದ್ದರೂ ಈ ವಲಯದ ಲೆಕ್ಕ ಹೋಗಿಲ್ಲ. ಇಂಡಿ ತಾಲ್ಲೂಕಿನ ಕಾರಿಗೆ ಪುಣೆಯ ನಂಬರ್ ಬಿದ್ದರೆ ಕಂತು ಏರಬಹುದು.

ಸಂಬಳದವರಿಗೆ ಇನ್ನೊಂದು ಹಳೆಯ ಬಾಬತ್ತು ವೃತ್ತಿ ತೆರಿಗೆ. ವರ್ಷಕ್ಕೆ 250 ರೂಪಾಯಿ ಮೀರಬಾರದೆಂದಿದ್ದ ಮಿತಿಯನ್ನು 1988ರಲ್ಲಿ 2,500ಕ್ಕೆ ಏರಿಸಿದರು. ಕರ್ನಾಟಕ, ಮಹಾರಾಷ್ಟ್ರ, ತೆಲಂಗಾಣದಲ್ಲಿ ಇದೆ, ದೆಹಲಿಯಲ್ಲಿ ಇಲ್ಲ.

ಈಗ ಹೊರಡುವವರಿಗೆ: ಗಾಡಿಯನ್ನು ಅಲ್ಲೇ ಉಳಿಸುವುದಾದರೆ ಮೊದಲು ನಮ್ಮ ಆರ್‌ಟಿಒದಿಂದ ಎನ್‌ಒಸಿ ತನ್ನಿ. ಅಲ್ಲಿ ತೆರಿಗೆ ಕಟ್ಟಿ ಹೊಸ ನಂಬರ್ ಬಂದ ಮೇಲೆ, ಇಲ್ಲಿ ಕಟ್ಟಿದ್ದ ಜೀವಾವಧಿ ತೆರಿಗೆಯಲ್ಲಿ ಉಳಿದ ವರ್ಷಗಳ ಪಾಲನ್ನು ವಾಪಸ್ ಕೇಳಿ ಅರ್ಜಿ ಹಾಕಬಹುದು. ಗಡಿ ದಾಟಿದ ದಿನದ ಟೋಲ್ ರಸೀದಿ ಜೋಪಾನ, 12 ತಿಂಗಳ ಲೆಕ್ಕಕ್ಕೆ ಬೇಕಾಗುತ್ತದೆ.