ಇದ್ದಿಲು ಪೇಸ್ಟ್, ತಂಪು ಪೌಡರ್, ನೋವಿನ ಬಾಮ್: ಕೊಳ್ಳೋರು, ಮಾರೋರು ತಿಳ್ಕೊಂಡಿರಬೇಕಾದ ಸಂಗತಿಗಳು

ಹೊಸಪೇಟೆ: ಹೊಸಪೇಟೆಯ ಫ್ಯಾನ್ಸಿ ಸ್ಟೋರ್ ಇರಲಿ, ಹಂಪಿಯಲ್ಲಿ ಪ್ರವಾಸಿಗರಿಗೆ ನೀರಿನ ಬಾಟಲಿ ಮಾರುವ ಗೂಡಂಗಡಿ ಇರಲಿ, ಸಂಡೂರು, ಕಂಪ್ಲಿಯ ಕಿರಾಣಿ ಅಂಗಡಿ ಇರಲಿ, ಎರಡು ಥರದ ಸಾಮಾನು ಈಗ ಎಲ್ಲಾ ಕಡೆ ಸಿಗುತ್ತವೆ. ಒಂದು, ಕಪ್ಪು ಬಣ್ಣದ ಚಾರ್ಕೋಲ್ ಟೂತ್‌ಪೇಸ್ಟ್, ಫೇಸ್‌ವಾಶ್, ಸೋಪು. ಇನ್ನೊಂದು, ಮೆಂಥಾಲ್ ಹಾಕಿದ ತಂಪು ಪೌಡರ್, ತಂಪು ಎಣ್ಣೆ, ನೋವಿನ ಬಾಮ್.

ಎರಡೂ ಸರಿಯಾಗಿ ಬಳಸಿದರೆ ದೊಡ್ಡ ಅಪಾಯದ ವಸ್ತುಗಳಲ್ಲ. ಆದರೆ ಕಪ್ಪು ಬಣ್ಣ ನೋಡಿದ ತಕ್ಷಣ ‘ಕೊಳೆ ಎಲ್ಲಾ ಎಳೀತು’ ಅಂತಲೂ, ಚರ್ಮ ತಣ್ಣಗಾದ ತಕ್ಷಣ ‘ಉಷ್ಣ ಇಳೀತು’ ಅಂತಲೂ ಅನ್ನಿಸಿಬಿಡುತ್ತೆ. ಹಾಗೆ ಅನ್ನಿಸೋದೇ ಬೇರೆ, ನಿಜವಾಗಿ ಆಗೋದೇ ಬೇರೆ. ಕೂಸುಗಳಿರುವ ಮನೆಯವರು ಮತ್ತು ಬಿಸಿಲಲ್ಲಿ ದುಡಿಯೋರು ಈ ವ್ಯತ್ಯಾಸ ತಿಳಿದಿರಲೇಬೇಕು.

ಆಕ್ಟಿವೇಟೆಡ್ ಚಾರ್ಕೋಲ್ ಅಂದ್ರೆ ಏನು?

ಇದು ಒಲೆಯಲ್ಲಿ ಉಳಿಯುವ ಇದ್ದಿಲು ಅಲ್ಲ. ತೆಂಗಿನ ಚಿಪ್ಪು, ಕಟ್ಟಿಗೆ ಅಥವಾ ಕಲ್ಲಿದ್ದಲನ್ನು ಗಾಳಿ ಹೆಚ್ಚು ಆಡದಂತೆ ಸುಟ್ಟು, ಆಮೇಲೆ ಭಾರೀ ಶಾಖದಲ್ಲಿ ಹಬೆ ಹಾಯಿಸಿ ಅಥವಾ ರಾಸಾಯನಿಕ ಬಳಸಿ ತಯಾರಿಸುತ್ತಾರೆ. ಆಗ ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳು ಆಗುತ್ತವೆ. ಆ ರಂಧ್ರಗಳ ಒಳಮೈಯನ್ನೆಲ್ಲಾ ಹಾಸಿದರೆ ಒಂದೇ ಒಂದು ಗ್ರಾಂ ಪುಡಿಗೆ 500ರಿಂದ 1,500 ಚದರ ಮೀಟರ್ ಜಾಗ ಸಿಗುತ್ತದೆ. ಹಲವು ರಾಸಾಯನಿಕಗಳು ಈ ಮೈಗೆ ಅಂಟಿಕೊಳ್ಳುತ್ತವೆ. ನೀರಿನ ಫಿಲ್ಟರ್‌ನಲ್ಲಿ ಇದನ್ನು ಹಾಕೋದು ಅದಕ್ಕೇ.

ಆಸ್ಪತ್ರೆಯಲ್ಲಿ ಕೆಲವು ಥರದ ವಿಷ ಅಥವಾ ಮಾತ್ರೆ ಹೊಟ್ಟೆಗೆ ಹೋದಾಗ ವೈದ್ಯರು ಇದನ್ನು ನೀರಲ್ಲಿ ಕಲಸಿ ಕೊಡುವುದುಂಟು. ದೊಡ್ಡವರಿಗೆ ಸಾಮಾನ್ಯವಾಗಿ 50 ಗ್ರಾಂ, ಅದೂ ಒಂದು ಗಂಟೆಯ ಒಳಗೆ ಕೊಟ್ಟರೆ ಹೆಚ್ಚು ಪ್ರಯೋಜನ. ಆದರೆ ಮದ್ಯ, ಕಬ್ಬಿಣದ ಮಾತ್ರೆ, ಆಸಿಡ್ ಇಂಥವಕ್ಕೆ ಇದು ಕೆಲಸ ಮಾಡಲ್ಲ. ಪ್ರಜ್ಞೆ ಸರಿಯಿಲ್ಲದವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಇಳಿದು ಜೀವಕ್ಕೇ ಕುತ್ತು ಬರಬಹುದು. ಹಾಗಾಗಿ ಮನೆಯಲ್ಲಿ ಯಾರಾದರೂ ವಿಷ ಕುಡಿದರೆ ಇದ್ದಿಲು ಕಲಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.

ಕಪ್ಪು ಪೇಸ್ಟಿನಿಂದ ಹಲ್ಲು ಬೆಳ್ಳಗಾಗುತ್ತಾ?

ಇದ್ದಿಲಿನಲ್ಲಿ ಹಲ್ಲುಜ್ಜೋದು ನಮಗೆ ಹೊಸದಲ್ಲ. 1913ರಲ್ಲಿ ಬಿ.ವಿ. ಪಂಡಿತರು ಶುರು ಮಾಡಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಸುಟ್ಟ ಭತ್ತದ ಹೊಟ್ಟಿನಿಂದಲೇ ಹೆಸರಾದದ್ದು. ಆದರೆ ಹಾಗಂತ ಕಂಪ್ಲಿ ಕಡೆಯ ರೈಸ್‌ಮಿಲ್ ಬೂದಿಯನ್ನೋ, ಒಲೆಯ ಬೂದಿಯನ್ನೋ ತಂದು ಉಜ್ಜೋದು ಸರಿಯಲ್ಲ. ಹೊಟ್ಟಿನ ಬೂದಿಯಲ್ಲಿ ಬಹುಪಾಲು ಇರೋದು ಸಿಲಿಕಾ, ಅಂದ್ರೆ ಮರಳಿನಲ್ಲಿರುವ ಅಂಶ. ತರಿತರಿಯಾಗಿದ್ದರೆ ಹಲ್ಲನ್ನೇ ಸವೆಸುತ್ತದೆ.

ಚಾರ್ಕೋಲ್ ಪೇಸ್ಟು ಹಲ್ಲಿನ ಮೇಲ್ಮೈಯ ಚಹಾ, ಎಲೆ ಅಡಿಕೆ ಕಲೆಯನ್ನು ಸ್ವಲ್ಪ ಮಟ್ಟಿಗೆ ತೆಗೆಯಬಹುದು. ಅದು ತಿಕ್ಕುವ ಗುಣದಿಂದ ಆಗುವ ಕೆಲಸ. 2017ರಲ್ಲಿ ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ, ಇಂಥ ಪೇಸ್ಟುಗಳು ಸುರಕ್ಷಿತ, ಪರಿಣಾಮಕಾರಿ ಅನ್ನೋದಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ ಹೇಳಿತು. ಹಲ್ಲಿನ ಹೊರಗಿನ ಗಟ್ಟಿ ಪದರ ಎನಾಮಲ್ ಒಮ್ಮೆ ಸವೆದರೆ ಮತ್ತೆ ಬೆಳೆಯಲ್ಲ. ಸವೆದಷ್ಟೂ ಒಳಗಿನ ಹಳದಿ ಪದರ ಎದ್ದು ಕಾಣುತ್ತೆ. ಬೆಳ್ಳಗೆ ಮಾಡೋಕೆ ಹೋಗಿ ಹಳದಿ ಮಾಡಿಕೊಂಡಂಗೆ ಆಗುತ್ತೆ.

ನಮ್ಮ ಭಾಗಕ್ಕೆ ಇನ್ನೊಂದು ಮಾತಿದೆ. ಅವಿಭಜಿತ ಬಳ್ಳಾರಿ ಜಿಲ್ಲೆಯ ಹಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ ಸರಿ ಅನ್ನೋದು ನಿಯಮ. ಚಿಕ್ಕಂದಿನಿಂದ ಹೆಚ್ಚು ಫ್ಲೋರೈಡ್ ನೀರು ಕುಡಿದವರ ಹಲ್ಲಿನ ಕಂದು ಕಲೆ ಹುಟ್ಟೋದು ಎನಾಮಲ್ ಬೆಳೆಯುವಾಗಲೇ, ಅದರ ಒಳಗೇ. ಅದನ್ನು ಯಾವ ಕಪ್ಪು ಪೇಸ್ಟೂ ಉಜ್ಜಿ ತೆಗೆಯಲಾರದು. ದಂತವೈದ್ಯರಿಗೆ ತೋರಿಸೋದೇ ದಾರಿ.

ಬಳಸಲೇಬೇಕು ಅಂದ್ರೆ ವಾರಕ್ಕೆ ಒಂದೆರಡು ಸಲ, ಮೆತ್ತನೆ ಬ್ರಶ್‌ನಲ್ಲಿ, ಒತ್ತದೆ ಉಜ್ಜಿ. ಉಳಿದ ದಿನ ಮಾಮೂಲಿ ಪೇಸ್ಟ್ ಸಾಕು. ಹಲ್ಲು ಜುಮ್ ಅನ್ನೋರು, ಒಸಡು ಕೆಳಗಿಳಿದೋರು ಇದನ್ನು ಬಿಡೋದೇ ಒಳ್ಳೇದು.

ಮುಖಕ್ಕೆ, ಹೊಟ್ಟೆಗೆ

ಸಂಡೂರಿನ ಗಣಿ ರಸ್ತೆಯಲ್ಲಿ ಬೈಕ್ ಓಡಿಸೋರ ಮುಖದ ಮೇಲೆ ಕೂರುವ ಕೆಂಪು ಧೂಳು ನೀರು, ಮಾಮೂಲಿ ಸೋಪಿಗೇ ಹೋಗುತ್ತೆ. ಚಾರ್ಕೋಲ್ ಫೇಸ್‌ವಾಶ್‌ನಲ್ಲಿ ಇದ್ದಿಲಿನ ರಂಧ್ರಗಳು ಆಗಲೇ ಸೋಪು, ಎಣ್ಣೆ ಅಂಶದಿಂದ ತುಂಬಿರಬಹುದು, ಮುಖದ ಮೇಲೆ ಅದು ಇರೋದೂ ಅರ್ಧ ನಿಮಿಷ. ಮುಖ ಸ್ವಚ್ಛ ಆಗೋದು ಮುಖ್ಯವಾಗಿ ಅದರಲ್ಲಿರುವ ಸೋಪಿನಿಂದ.

ಒಣಗಿದ ಮೇಲೆ ಕಿತ್ತು ತೆಗೆಯುವ ಕಪ್ಪು ಮಾಸ್ಕ್ ವಿಷಯದಲ್ಲಿ ಜಾಗ್ರತೆ ಇರಲಿ. ಅದು ಸಣ್ಣ ಕೂದಲು, ಚರ್ಮದ ಮೇಲ್ಪದರ ಎರಡನ್ನೂ ಕೀಳುತ್ತೆ. ಅಂಟಿನ ಜೊತೆ ಇದ್ದಿಲು ಪುಡಿ ಕಲಸಿ ಮನೆಯಲ್ಲೇ ಮಾಸ್ಕ್ ಮಾಡೋದನ್ನು ವಿಡಿಯೋ ನೋಡಿ ಅನುಸರಿಸಬೇಡಿ. ಮೊಡವೆ ಕೆಂಪಾಗಿದ್ದಾಗಲಂತೂ ಬೇಡವೇ ಬೇಡ.

‘ಹೊಟ್ಟೆ ಕ್ಲೀನ್ ಆಗುತ್ತೆ’ ಅಂತ ಚಾರ್ಕೋಲ್ ಮಾತ್ರೆ ನುಂಗೋರಿಗೆ ಒಂದು ಎಚ್ಚರಿಕೆ. ಇದು ಔಷಧಿಯನ್ನೂ ಹಿಡಿದಿಟ್ಟುಕೊಳ್ಳುತ್ತೆ. ಸಕ್ಕರೆ ಕಾಯಿಲೆ, ಫಿಟ್ಸ್ ಮಾತ್ರೆ, ಗರ್ಭನಿರೋಧಕ ಮಾತ್ರೆ ತಗೊಳ್ಳೋರಿಗೆ ಮಾತ್ರೆ ತಗೊಂಡೂ ಉಪಯೋಗ ಇಲ್ಲದಂತಾಗಬಹುದು.

ಮೆಂಥಾಲ್ ತಂಪು ಎಲ್ಲಿಂದ ಬರುತ್ತೆ?

ಮೆಂಥಾಲ್ ಅಂದ್ರೆ ಪುದೀನ ಜಾತಿಯ ಗಿಡದ ಎಣ್ಣೆಯಿಂದ ತೆಗೆದ ಬಿಳಿ ಹರಳು. ಇದರ ಉತ್ಪಾದನೆಯಲ್ಲಿ ಭಾರತವೇ ಮುಂದು, ಅದರಲ್ಲೂ ಉತ್ತರ ಪ್ರದೇಶ. ಕರ್ಪೂರ, ಓಮಿನ ಸತ್ವದ ಜೊತೆ ಸೇರಿಸಿದರೆ ಮೂರೂ ತಾವಾಗೇ ಕರಗಿ ನೀರಾಗುತ್ತವೆ. ಅಮೃತಧಾರೆ ಅಂತ ಮಾರೋದು ಇದನ್ನೇ.

ಮೆಂಥಾಲ್ ಮೈಯನ್ನು ತಣ್ಣಗೆ ಮಾಡಲ್ಲ. ಚರ್ಮದ ನರಗಳಲ್ಲಿ ಚಳಿಯನ್ನು ಗುರುತಿಸುವ ಒಂದು ಗ್ರಾಹಕ ಇದೆ, ಟಿಆರ್‌ಪಿಎಂ8 ಅಂತ ಅದರ ಹೆಸರು. ಮೆಂಥಾಲ್ ತಾಕಿದರೆ ಅದು ‘ತಣ್ಣಗಿದೆ’ ಅಂತ ಮೆದುಳಿಗೆ ಸುದ್ದಿ ಕಳಿಸುತ್ತೆ. ಇದನ್ನು ಮೆಂಥಾಲ್ ಬಳಸಿಯೇ ಪತ್ತೆ ಹಚ್ಚಿದವರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಇದ್ದಾರೆ. ಸ್ಪರ್ಶ, ಶಾಖದ ಗ್ರಾಹಕಗಳ ಸಂಶೋಧನೆಗೆ 2021ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಬೇಸಿಗೆಯಲ್ಲಿ ಇದು ನೆನಪಿರಬೇಕು. ಗದ್ದೆಯಲ್ಲಿ, ಗಣಿಯಲ್ಲಿ ದುಡಿಯೋರು, ಹಂಪಿಯ ಬಂಡೆ ಮೇಲೆ ನಡೆಯೋರು ತಂಪು ಪೌಡರ್ ಹಾಕ್ಕೊಂಡ ಮಾತ್ರಕ್ಕೆ ಬಿಸಿಲಿನ ಹೊಡೆತದಿಂದ ತಪ್ಪಿಸಿಕೊಂಡಂತಲ್ಲ. ತಲೆ ಸುತ್ತು, ವಾಂತಿ, ಮಾತು ತೊದಲೋದು ಕಂಡರೆ ನೆರಳಿಗೆ ಕರೆದೊಯ್ದು, ಮೈಗೆ ನೀರು ಹಾಕಿ ಗಾಳಿ ಬೀಸಿ, 108ಕ್ಕೆ ಫೋನ್ ಮಾಡಿ.

ಕೂಸಿನ ಮೂಗಿಗೆ ಬಾಮ್ ಹಚ್ಚಬೇಡಿ

ನೆಗಡಿ ಆದ ಕೂಸಿನ ಮೂಗು, ಎದೆಗೆ ಬಾಮ್ ತಿಕ್ಕೋದು ಎಷ್ಟೋ ಮನೆಗಳಲ್ಲಿ ರೂಢಿ. 2 ವರ್ಷದೊಳಗಿನ ಮಕ್ಕಳಿಗೆ ಇದು ಅಪಾಯ. ಮೆಂಥಾಲ್, ಕರ್ಪೂರದ ಘಾಟು ಮೂಗಿನ ಹತ್ತಿರ ತಾಕಿದರೆ ಕೂಸಿನ ಗಂಟಲು ಒಮ್ಮೆಲೇ ಬಿಗಿದು ಉಸಿರು ನಿಲ್ಲಬಹುದು. ಅಮೃತಧಾರೆಯ ಹನಿಯನ್ನೂ ಕೂಸಿನ ಮೂಗಿಗೆ ಹಾಕಬೇಡಿ. ಮೂಗು ಕಟ್ಟಿದರೆ ಮೆಡಿಕಲ್ ಶಾಪಿನಲ್ಲಿ ಸಿಗುವ ಸಲೈನ್ ಹನಿ ಬಗ್ಗೆ ವೈದ್ಯರನ್ನು ಕೇಳಿ.

ಕರ್ಪೂರ ಹೊಟ್ಟೆಗೆ ಹೋದರೆ ಮಕ್ಕಳಿಗೆ ಫಿಟ್ಸ್ ಬರಬಹುದು. ಬಾಮ್ ಡಬ್ಬಿ, ತಂಪು ಎಣ್ಣೆ, ದೇವರ ಮನೆಯ ಕರ್ಪೂರ ಮೂರನ್ನೂ ಮಕ್ಕಳ ಕೈಗೆ ಸಿಗದಂತೆ ಇಡಿ. ಬಾಮನ್ನು ಒಲೆ ಮೇಲೆ ಕಾಯಿಸಬೇಡಿ.

ದೊಡ್ಡವರೂ ಹೀಗೆ ಮಾಡಬೇಡಿ

ಸೊಂಟ, ಮೊಣಕಾಲು ನೋವಿನ ಬಾಮ್‌ನಿಂದ ಚರ್ಮ ಸುಟ್ಟ ಪ್ರಕರಣಗಳ ಬಗ್ಗೆ ಅಮೆರಿಕದ ಔಷಧ ಇಲಾಖೆ 2012ರಲ್ಲೇ ಎಚ್ಚರಿಸಿತ್ತು. ಹೆಚ್ಚಿನ ಗಂಭೀರ ಪ್ರಕರಣಗಳಲ್ಲಿ ಮೆಂಥಾಲ್ 3%ಕ್ಕಿಂತ, ಮೀಥೈಲ್ ಸ್ಯಾಲಿಸಿಲೇಟ್ 10%ಕ್ಕಿಂತ ಹೆಚ್ಚಿತ್ತು.

- ಬಾಮ್ ಹಚ್ಚಿ ಬಟ್ಟೆಯಿಂದ ಬಿಗಿಯಾಗಿ ಕಟ್ಟಬೇಡಿ, ಮೇಲೆ ಬಿಸಿನೀರಿನ ಶಾಖ ಕೊಡಬೇಡಿ.
- ಗಾಯ, ಕೆರೆದ ಜಾಗ, ಕಣ್ಣಿನ ಸುತ್ತ ಹಚ್ಚಬೇಡಿ. ಹಚ್ಚಿದ ಮೇಲೆ ಕೈ ತೊಳೆಯಿರಿ.
- ಉರಿ ಹೆಚ್ಚಾಗಿ ಗುಳ್ಳೆ ಎದ್ದರೆ ಸೋಪು, ನೀರಲ್ಲಿ ತೊಳೆದು ಆಸ್ಪತ್ರೆಗೆ ತೋರಿಸಿ.
- ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳೋರು ವೈದ್ಯರನ್ನು ಕೇಳಿಯೇ ನೋವಿನ ಬಾಮ್ ಬಳಸಿ.
- ಹೊಸ ಸಾಮಾನು ಯಾವುದೇ ಇರಲಿ, ಮೊದಲು ಮೊಣಕೈ ಒಳಗೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ.

ಅಂಗಡಿಯವರು ಏನು ನೋಡ್ಬೇಕು?

ಸೌಂದರ್ಯವರ್ಧಕ ಮಾರೋಕೆ ಅಂಗಡಿಗೆ ಪ್ರತ್ಯೇಕ ಲೈಸೆನ್ಸ್ ಬೇಕಿಲ್ಲ. ಆದರೆ ಇಲ್ಲಿ ತಯಾರಾದ ಮಾಲಾದರೆ ಅದು ಲೈಸೆನ್ಸ್ ಇರುವ ಕಂಪನಿಯದ್ದೇ ಆಗಿರಬೇಕು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಲೇಬಲ್ ಮೇಲೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಯಾವಾಗಿನವರೆಗೆ ಬಳಸಬಹುದು ಅನ್ನೋದು, ಒಳಗೇನಿದೆ ಅನ್ನೋ ಪಟ್ಟಿ ಇರಬೇಕು. ಹೊರದೇಶದ ಮಾಲಾದರೆ ಆಮದು ನೋಂದಣಿ ನಂಬರ್ ಬೇಕು. ಇವೇನೂ ಇಲ್ಲದ ಕಪ್ಪು ಪುಡಿ ಪೊಟ್ಟಣ, ಹೆಸರಿಲ್ಲದ ಬಾಮ್ ಡಬ್ಬಿಯನ್ನು ಕಮಿಷನ್ ಜಾಸ್ತಿ ಅಂತ ಇಟ್ಟುಕೊಂಡರೆ, ಏನಾದರೂ ಆದಾಗ ಗಿರಾಕಿ ಮೊದಲು ಬಂದು ಕೇಳೋದು ಅಂಗಡಿಯವರನ್ನೇ.

ಮೆಂಥಾಲ್ ಹರಳು ಸುಮಾರು 42 ಡಿಗ್ರಿಗೆ ಕರಗುತ್ತೆ. ಬೇಸಿಗೆಯಲ್ಲಿ ಬಾಮ್, ತಂಪು ಎಣ್ಣೆಯನ್ನು ತಗಡಿನ ಶೀಟ್ ಕೆಳಗೆ ಅಥವಾ ಬಿಸಿಲು ಬೀಳುವ ಶೋಕೇಸ್‌ನಲ್ಲಿ ಇಡಬೇಡಿ.

ಗಿರಾಕಿಗಳು ಬಿಲ್ ಮತ್ತು ಡಬ್ಬಿ ಎರಡನ್ನೂ ಇಟ್ಟುಕೊಳ್ಳಿ. ದೂರು ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಗೆ, ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಗೆ ಸೇರಿದ್ದರೂ ಈ ನಂಬರ್ ಎಲ್ಲರಿಗೂ ಒಂದೇ.