ತಂಬಿಗೆ

ತಂಬಿಗೆಯು ನೀರನ್ನು ಕುಡಿಯಲು, ತುಂಬಿಡಲು ಹಾಗೂ ಕೈಕಾಲು ತೊಳೆಯಲು ಬಳಸುವ ಲೋಹದ ಪಾತ್ರೆಯಾಗಿದೆ. ದುಂಡನೆಯ ಹೊಟ್ಟೆ, ಕಿರಿದಾದ ಕುತ್ತಿಗೆ ಮತ್ತು ಹೊರಕ್ಕೆ ಬಾಗಿದ ಅಂಚು ಇದರ ಲಕ್ಷಣಗಳು. ಇದಕ್ಕೆ ಹಿಡಿಕೆ ಇರುವುದಿಲ್ಲ. ಅಂಚಿನ ಕೆಳಗೆ ಕುತ್ತಿಗೆಯನ್ನು ಬೆರಳುಗಳಿಂದ ಹಿಡಿದು ಎತ್ತುತ್ತಾರೆ. ನೀರು ಸುರಿಯಲು ಕೊಳವೆಯಂಥ ಮೂತಿಯುಳ್ಳ ಪಾತ್ರೆಯನ್ನು ಗಿಂಡಿ ಎನ್ನುತ್ತಾರೆ; ಅದು ತಂಬಿಗೆಗಿಂತ ಭಿನ್ನವಾದುದು.

ಪದದ ಮೂಲ

‘ತಂಬಿಗೆ’ ಎಂಬ ಪದವು ಸಂಸ್ಕೃತದ ‘ತಾಮ್ರ’ ಹಾಗೂ ಅದರ ಪ್ರಾಕೃತ ರೂಪವಾದ ‘ತಂಬ’ಕ್ಕೆ ಸಂಬಂಧಿಸಿದುದೆಂದು ತಿಳಿಯಲಾಗಿದೆ. ಮರಾಠಿಯಲ್ಲಿ ಇದೇ ಪಾತ್ರೆಗೆ ‘ತಾಂಬ್ಯಾ’ ಎಂಬ ಹೆಸರಿದ್ದು, ಅದೂ ತಾಮ್ರವಾಚಕ ಪದದಿಂದಲೇ ಬಂದಿದೆ. ದಕ್ಷಿಣ ಕರ್ನಾಟಕದಲ್ಲಿ ಬಳಕೆಯಲ್ಲಿರುವ ‘ಚೆಂಬು’ ಅಥವಾ ‘ಚೊಂಬು’ ದ್ರಾವಿಡ ಮೂಲದ ಪದ. ತಮಿಳಿನಲ್ಲಿ ‘ಚೆಂಬು’ ಎಂದರೆ ಇಂದಿಗೂ ತಾಮ್ರವೆಂಬ ಅರ್ಥವಿದೆ. ಕನ್ನಡದ ‘ಕೆಂಪು’ ಅದರ ಜ್ಞಾತಿಪದ. ಹೀಗೆ ಬೇರೆ ಬೇರೆ ಭಾಷಾ ಕುಟುಂಬಗಳ ಹೆಸರುಗಳು ಪಾತ್ರೆಯ ಆಕಾರವನ್ನಲ್ಲ, ಅದರ ಲೋಹವನ್ನೇ ಸೂಚಿಸುತ್ತವೆ. ಇಂದು ಹಿತ್ತಾಳೆ, ಸ್ಟೀಲು ಹಾಗೂ ಪ್ಲಾಸ್ಟಿಕ್ಕಿನ ತಂಬಿಗೆಗಳಿಗೂ ಅದೇ ಹೆಸರು ಉಳಿದಿದೆ.

ಪ್ರಾದೇಶಿಕ ರೂಪಗಳು

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಮನೆ’ಯು ‘ಮನಿ’ ಆಗುವಂತೆ ‘ತಂಬಿಗೆ’ಯು ‘ತಂಬಿಗಿ’ ಅಥವಾ ‘ತಂಬಗಿ’ ಎಂದೂ, ‘ಚರಿಗೆ’ಯು ‘ಚರಗಿ’ ಎಂದೂ ಉಚ್ಚಾರಗೊಳ್ಳುತ್ತದೆ. ಬೆಳಗಾವಿ ಜಿಲ್ಲೆಯ ರಾಯಬಾಗ ತಾಲ್ಲೂಕಿನಲ್ಲಿ, ಕೃಷ್ಣಾ ನದಿಯ ಬಳಿಯಿರುವ ಕುಡಚಿ ಹಾಗೂ ಅದರ ನೆರೆಯ ಚಿಕ್ಕೋಡಿ, ನಿಪ್ಪಾಣಿ, ಅಥಣಿ, ಕಾಗವಾಡ ಭಾಗಗಳು ಮಹಾರಾಷ್ಟ್ರದ ಗಡಿಗೆ ಸಮೀಪದಲ್ಲಿವೆ. ಕನ್ನಡ, ಮರಾಠಿ ಮತ್ತು ಉರ್ದು ಮಾತುಗಳು ಕೂಡಿ ಬಾಳುವ ಈ ಸೀಮೆಯಲ್ಲಿ ಕನ್ನಡದ ತಂಬಗಿ, ಮರಾಠಿಯ ತಾಂಬ್ಯಾ ಹಾಗೂ ಉರ್ದುವಿನ ಲೋಟಾ ಒಂದೇ ಬಗೆಯ ಪಾತ್ರೆಯನ್ನು ಹೆಸರಿಸುತ್ತವೆ.

ಹಿಂದಿ ಮತ್ತು ಉರ್ದುವಿನ ‘ಲೋಟಾ’ ಹಾಗೂ ಕನ್ನಡದ ‘ಲೋಟ’ಗಳ ಅರ್ಥ ಒಂದೇ ಅಲ್ಲ. ಕನ್ನಡದಲ್ಲಿ ಲೋಟವೆಂದರೆ ಕಾಫಿ, ನೀರು ಮುಂತಾದವನ್ನು ಕುಡಿಯುವ ನೇರ ಅಂಚಿನ ಚಿಕ್ಕ ಪಾತ್ರೆ. ಆದುದರಿಂದ ಹಿಂದಿಯ ‘ಲೋಟಾ’ವನ್ನು ಕನ್ನಡಕ್ಕೆ ಅನುವಾದಿಸುವಾಗ ‘ತಂಬಿಗೆ’ ಅಥವಾ ‘ಚೆಂಬು’ ಎನ್ನುವುದೇ ಸರಿ.

ಬಳಕೆ

ಮನೆಗೆ ಬಂದವರಿಗೆ ಮೊದಲು ತಂಬಿಗೆಯಲ್ಲಿ ನೀರು ಕೊಡುವುದು ಉತ್ತರ ಕರ್ನಾಟಕದ ಆತಿಥ್ಯ ಪದ್ಧತಿ. ತಂಬಿಗೆಯನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು ವಾಡಿಕೆಯಾದುದರಿಂದ ಒಂದೇ ಪಾತ್ರೆಯ ನೀರನ್ನು ಹಲವರು ಕುಡಿಯಬಹುದಾಗಿತ್ತು. ಪೂಜೆಯಲ್ಲಿ ನೀರು ತುಂಬಿ, ಎಲೆ ಹಾಗೂ ತೆಂಗಿನಕಾಯಿ ಇರಿಸಿದ ತಂಬಿಗೆಯೇ ಕಲಶವಾಗುತ್ತದೆ. ಶೌಚಾಲಯಗಳಿಲ್ಲದ ಊರುಗಳಲ್ಲಿ ಬಹಿರ್ದೆಸೆಗೂ ತಂಬಿಗೆಯನ್ನು ಒಯ್ಯುತ್ತಿದ್ದರು. ‘ಚರಗಿ ತಗೊಂಡು ಹೋಗುವುದು’ ಎಂಬ ಮಾತಿಗೆ ಈ ಅರ್ಥವೇ ರೂಢಿಯಾಗಿದೆ. ಆದರೆ ಕುಡಿಯುವ ತಂಬಿಗೆ, ಪೂಜೆಯ ತಂಬಿಗೆ ಮತ್ತು ಬಯಲಿಗೆ ಒಯ್ಯುವ ತಂಬಿಗೆಗಳನ್ನು ಬೇರೆ ಬೇರೆಯಾಗಿಯೇ ಇರಿಸಲಾಗುತ್ತಿತ್ತು.

ಆಡುಮಾತಿನಲ್ಲಿ ‘ಚೊಂಬು ಕೊಡುವುದು’ ಎಂದರೆ ಏನನ್ನೂ ಕೊಡದೆ ವಂಚಿಸುವುದು. 2024ರ ಲೋಕಸಭಾ ಚುನಾವಣೆಯ ಸಂದರ್ಭದಲ್ಲಿ ಕಾಂಗ್ರೆಸ್ ಪಕ್ಷವು ಕೇಂದ್ರ ಸರ್ಕಾರವನ್ನು ಟೀಕಿಸಲು ಚೊಂಬಿನ ಚಿತ್ರವುಳ್ಳ ಜಾಹೀರಾತನ್ನು ಪ್ರಕಟಿಸಿತು. ಎದುರಾಳಿ ಪಕ್ಷಗಳ ನಾಯಕರು ಅದೇ ಮಾತನ್ನು ಕಾಂಗ್ರೆಸ್ಸಿನ ವಿರುದ್ಧ ಬಳಸಿದರು. ಅತಿಥಿಗೆ ಕೊಡುವ ಮೊದಲ ವಸ್ತುವಿನ ಹೆಸರು ಹೀಗೆ ಏನೂ ಸಿಗದಿರುವುದರ ಸಂಕೇತವೂ ಆಗಿದೆ.

ಲೋಹ ಮತ್ತು ಆರೋಗ್ಯ

ತಾಮ್ರಕ್ಕೆ ಸೂಕ್ಷ್ಮಾಣುಗಳನ್ನು ನಾಶಪಡಿಸುವ ಗುಣವಿದೆ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಾಲರಾ, ಆಮಶಂಕೆ ಮುಂತಾದ ರೋಗಗಳನ್ನು ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇರಿಸಿದಾಗ ಅವು ಮತ್ತೆ ಬೆಳೆಯಲಿಲ್ಲ. ನೀರಿಗೆ ಇಳಿದ ತಾಮ್ರದ ಪ್ರಮಾಣವೂ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯೊಳಗಿತ್ತು. ಆದರೆ ಮಜ್ಜಿಗೆ, ಹುಳಿ ಮೊದಲಾದ ಆಮ್ಲೀಯ ಪದಾರ್ಥಗಳು ತಾಮ್ರ ಹಾಗೂ ಹಿತ್ತಾಳೆಯೊಡನೆ ವರ್ತಿಸಿ ಕಿಲುಬು ಹಿಡಿಸುತ್ತವೆ. ಇದನ್ನು ತಡೆಯಲು, ಕಾಯಿಸಿದ ಪಾತ್ರೆಯ ಒಳಮೈಯನ್ನು ನವಸಾಗರದಿಂದ ಶುಚಿಗೊಳಿಸಿ ತವರದ ತೆಳುಲೇಪ ಕೊಡುತ್ತಾರೆ. ಈ ಕೆಲಸಕ್ಕೆ ಕಲಾಯಿ ಎಂದು ಹೆಸರು. ಸ್ಟೀಲು ಪಾತ್ರೆಗಳು ಹೆಚ್ಚಿದಂತೆ ಕಲಾಯಿ ಹಾಕುವವರು ವಿರಳರಾದರು.

ಇತಿಹಾಸ ಮತ್ತು ವಿನ್ಯಾಸ

1857ರಲ್ಲಿ ಹಿಮಾಲಯದ ಕುಲು ಪ್ರದೇಶದಲ್ಲಿ ದೊರೆತ, ಕೆತ್ತನೆಯುಳ್ಳ ಪುರಾತನ ಲೋಟಾ ಒಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅಮೆರಿಕದ ವಿನ್ಯಾಸಕಾರರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು 1958ರಲ್ಲಿ ಭಾರತ ಸರ್ಕಾರಕ್ಕೆ ನೀಡಿದ ವರದಿಯಲ್ಲಿ, ತಾವು ಈ ದೇಶದಲ್ಲಿ ಕಂಡ ವಸ್ತುಗಳಲ್ಲಿ ಲೋಟಾವೇ ಅತ್ಯಂತ ಸುಂದರವೆಂದು ಹೊಗಳಿದರು. ಅದು ಒಬ್ಬ ವ್ಯಕ್ತಿಯ ರಚನೆಯಲ್ಲ, ಹಲವು ತಲೆಮಾರುಗಳ ಬಳಕೆಯಿಂದ ರೂಪುಗೊಂಡುದು ಎಂಬುದು ಅವರ ವಾದ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಸ್ಥಾಪನೆಯಾಯಿತು.