ನಾಲ್ಕನೇ ತರಗತಿಯ ಬಾಗಿಲು: ಮೈಸೂರಿನ ಬದುಕಿನ ಕಲಿಕೆಯ ಪ್ರಯೋಗಗಳ ಕುರಿತು ಒಂದು ಟಿಪ್ಪಣಿ

ಮೈಸೂರು ವಿಶ್ವವಿದ್ಯಾಲಯದ ಆವರಣವಾದ ಮಾನಸಗಂಗೋತ್ರಿಯ ಮಗ್ಗುಲಲ್ಲಿ, ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದೊಳಗೆ ಒಂದು ಶಾಲೆ ಇದೆ. ಮೈಸೂರಿನವರ ಬಾಯಲ್ಲಿ ಅದು ಡಿಎಂಎಸ್. ಬಿಡಿಸಿ ಹೇಳಿದರೆ ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್, ಅಂದರೆ ಪ್ರಾತ್ಯಕ್ಷಿಕೆಯ ಬಹೂದ್ದೇಶ ಶಾಲೆ. ಮಕ್ಕಳನ್ನು ಅಲ್ಲಿಗೆ ಸೇರಿಸಲು ಹಂಬಲಿಸುವ ಪೋಷಕರಲ್ಲಿ ಆ ನಡುವಿನ ಪದ ಅಲ್ಲೇಕೆ ಬಂತು ಎಂದು ಕೇಳಿಕೊಂಡವರು ಕಡಿಮೆ. ಈ ಟಿಪ್ಪಣಿ ಹುಟ್ಟಿದ್ದು ಆ ಒಂದು ಪದದಿಂದ. ಮಕ್ಕಳಿಗೆ ಪಾಠದ ಜೊತೆಗೆ ಬದುಕಲು ಬೇಕಾದ್ದನ್ನೂ ಕಲಿಸಬೇಕು ಎಂಬ ಮಾತನ್ನು ಈಗ ಹೊಸ ಚಿಂತನೆ ಎನ್ನುವಂತೆ ಆಡುತ್ತಾರೆ. ಆದರೆ ಮೈಸೂರಿನಲ್ಲಿ ಅದು ನೂರು ವರ್ಷಕ್ಕೂ ಹಳೆಯ ಮಾತು. ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಆರಂಭಿಸಿದೆ, ಪ್ರತಿ ಸಲವೂ ಅದು ಕೈಜಾರಿದೆ. ಹೇಗೆ ಜಾರಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕೆನಿಸಿತು.

‘ಬಹೂದ್ದೇಶ’ ಎಂಬ ಪದದ ಮೂಲ 1952–53ರ ಮಾಧ್ಯಮಿಕ ಶಿಕ್ಷಣ ಆಯೋಗದಲ್ಲಿದೆ. ಅದರ ಅಧ್ಯಕ್ಷರು ಮದರಾಸು ವಿಶ್ವವಿದ್ಯಾಲಯದ ಕುಲಪತಿ ಎ. ಲಕ್ಷ್ಮಣಸ್ವಾಮಿ ಮುದಲಿಯಾರ್. ಪ್ರೌಢಶಾಲೆಯೆಂದರೆ ಕಾಲೇಜಿನ ಮೆಟ್ಟಿಲು ಮಾತ್ರ ಎಂಬ ಸ್ಥಿತಿ ಹೋಗಬೇಕು ಎಂಬುದು ಆಯೋಗದ ಕಾಳಜಿ. ಒಂದೇ ಸೂರಿನಡಿ ಏಳು ಕವಲು ಇರಲಿ ಎಂದು ಅದು ಸೂಚಿಸಿತು: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ಆದರೆ ಒಕ್ಕಲುತನವನ್ನೋ ಲೇತ್ ಯಂತ್ರವನ್ನೋ ಶಾಲೆಯಲ್ಲಿ ಕಲಿಸಬಲ್ಲ ಶಿಕ್ಷಕರು ಎಲ್ಲಿದ್ದರು? ಅವರನ್ನು ತಯಾರು ಮಾಡಲೆಂದೇ ರಾಷ್ಟ್ರೀಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಅಡಿಯಲ್ಲಿ ಅಜ್ಮೀರ್, ಭೋಪಾಲ್, ಭುವನೇಶ್ವರ ಮತ್ತು ಮೈಸೂರಿನಲ್ಲಿ ನಾಲ್ಕು ಪ್ರಾದೇಶಿಕ ಶಿಕ್ಷಣ ಕಾಲೇಜುಗಳು ಹುಟ್ಟಿದವು. ಮೈಸೂರಿನದು 1963ರ ಆಗಸ್ಟ್‌ನಲ್ಲಿ ತೆರೆಯಿತು. ಪಕ್ಕದಲ್ಲೇ ಕಟ್ಟಿದ ಶಾಲೆ, ತಯಾರಾಗುವ ಶಿಕ್ಷಕರಿಗೆ ಈ ಏಳು ಕವಲಿನ ಕಲಿಕೆಯನ್ನು ಕಣ್ಣೆದುರು ತೋರಿಸಬೇಕಿತ್ತು. ‘ಪ್ರಾತ್ಯಕ್ಷಿಕೆ’ ಎಂಬ ಪದ ಬಂದದ್ದು ಹಾಗೆ.

ಮುಂದೆ ನಡೆದದ್ದನ್ನು ಬೇಗ ಹೇಳಿಬಿಡಬಹುದು. ಬಹೂದ್ದೇಶ ಶಾಲೆಗಳ ಯೋಜನೆ ದೇಶದಾದ್ಯಂತ ಸೊರಗಿತು. ಆ ಕವಲುಗಳಿಗೆಂದು ಶಿಕ್ಷಕರನ್ನು ತಯಾರಿಸುವ ಕೆಲಸವೂ ಅದರ ಹಿಂದೆಯೇ ಸೊರಗಿತು. 1990ರ ದಶಕದಲ್ಲಿ ಕಾಲೇಜು ‘ಸಂಸ್ಥೆ’ಯಾಯಿತು. ವಿಜ್ಞಾನ ಶಿಕ್ಷಕರನ್ನು ರೂಪಿಸುವ ನಾಲ್ಕು ವರ್ಷದ ಬಿಎಸ್ಸಿ ಎಡ್ ಕೋರ್ಸಿಗೆ ಅದು ಹೆಸರಾಯಿತು, ಅದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಏಳು ಕವಲಿನಲ್ಲಿ ಗಟ್ಟಿಯಾಗಿ ಉಳಿದದ್ದು ಕಾಲೇಜಿಗೆ, ಪರೀಕ್ಷೆಗೆ ಒದಗುವ ಕವಲು. ಶಾಲೆಯ ಹೆಸರಿನ ನಡುವೆ ಆ ಪದ ಮಾತ್ರ, ಒಣಗಿದ ಬಾವಿಯ ರಾಟೆಯ ಹಾಗೆ, ತನ್ನ ಜಾಗದಲ್ಲೇ ಉಳಿಯಿತು.

ಆ ಕಾಲೇಜು ತೆರೆಯುವುದಕ್ಕೂ ಸುಮಾರು ಅರವತ್ತು ವರ್ಷ ಹಿಂದೆ ಇದೇ ಊರಲ್ಲಿ ಇನ್ನೊಂದು ಪ್ರಯತ್ನ ನಡೆದಿತ್ತು. ಸಯ್ಯಾಜಿರಾವ್ ರಸ್ತೆಯ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಗೆ 1906ರಲ್ಲಿ ಅಡಿಗಲ್ಲು ಹಾಕಿದವರು, ಮುಂದೆ ಐದನೇ ಜಾರ್ಜ್ ಆದ ವೇಲ್ಸ್ ರಾಜಕುಮಾರ. ಅಲ್ಲಿ ಮರಗೆಲಸ, ಬೀಟೆ ಮರದ ಕೆತ್ತನೆ ಮತ್ತು ಕುಂದಣ, ಲೋಹದ ಕೆಲಸ, ಚಿತ್ರಕಲೆ ಕಲಿಸುತ್ತಿದ್ದರು. ಮೈಸೂರು ಕುಂದಣ ಕಲೆಯ ಹೆಸರು ಊರಾಚೆ ಹಬ್ಬಿದ್ದರಲ್ಲಿ ಆ ಸಂಸ್ಥೆಯ ಪಾಲು ದೊಡ್ಡದು. ಆ ಕಾಲದ ಮೈಸೂರು ಆಡಳಿತವೂ ವಿದ್ಯೆ ಮತ್ತು ಕಸುಬನ್ನು ಒಟ್ಟಿಗೆ ಯೋಚಿಸಿತ್ತು. 1911ರಲ್ಲಿ ಶುರುವಾದ ಮೈಸೂರು ಆರ್ಥಿಕ ಸಮ್ಮೇಳನದಲ್ಲಿ ಕೃಷಿ, ಕೈಗಾರಿಕೆಗಳ ಜೊತೆಗೆ ಶಿಕ್ಷಣಕ್ಕೂ ಒಂದು ಸಮಿತಿ ಇತ್ತು. 1913ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಕಾಯಿದೆಯೂ ಬಂತು. ಆದರೂ ಕೈಕೆಲಸ ಒಂದು ಕಟ್ಟಡದಲ್ಲಿ, ಓದು ಬರಹ ಇನ್ನೊಂದು ಕಟ್ಟಡದಲ್ಲಿ ಎಂಬ ವ್ಯವಸ್ಥೆ ಬದಲಾಗಲಿಲ್ಲ. ಮಹಾರಾಜ ಕಾಲೇಜಿಗೆ ಹೋಗುವ ಹುಡುಗ ಉಳಿ ಹಿಡಿಯಬೇಕಾಗಿರಲಿಲ್ಲ, ಉಳಿ ಹಿಡಿಯುವ ಹುಡುಗ ಮಹಾರಾಜ ಕಾಲೇಜಿಗೆ ಹೋಗುವ ನಿರೀಕ್ಷೆ ಯಾರಿಗೂ ಇರಲಿಲ್ಲ.

1937ರ ಅಕ್ಟೋಬರ್‌ನಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ, ಝಾಕಿರ್ ಹುಸೇನ್ ಸಮಿತಿ ರೂಪ ಕೊಟ್ಟ ಬುನಾದಿ ಶಿಕ್ಷಣ ಮುರಿಯಲು ಹೊರಟದ್ದು ಇದೇ ಗೋಡೆಯನ್ನು. ಅದರಲ್ಲಿ ಕಸುಬು ಪ್ರತ್ಯೇಕ ವಿಷಯವಾಗಿರಲಿಲ್ಲ, ಎಲ್ಲ ವಿಷಯಗಳನ್ನೂ ಕಲಿಸುವ ದಾರಿಯಾಗಿತ್ತು. ನೂಲಿನ ಅಳತೆಯಲ್ಲೇ ಗಣಿತ, ಹತ್ತಿಯ ಹೊಲದಲ್ಲೇ ಭೂಗೋಳ. ಕೊಠಾರಿ ಆಯೋಗ 1966ರಲ್ಲಿ ಇದನ್ನೇ ತಿದ್ದಿ ‘ಕಾರ್ಯಾನುಭವ’ ಎಂದಿತು. 1977ರಲ್ಲಿ ಈಶ್ವರಭಾಯ್ ಪಟೇಲ್ ಸಮಿತಿಯ ಕೈಯಲ್ಲಿ ಅದು ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ವಾಯಿತು. ಆ ಉದ್ದ ಹೆಸರು ಬಹಳ ಶಾಲೆಗಳಿಗೆ ತಲುಪುವ ಹೊತ್ತಿಗೆ ವೇಳಾಪಟ್ಟಿಯ ಒಂದು ಚೌಕಕ್ಕೆ ಇಳಿದಿತ್ತು. ಅದರ ಇಂಗ್ಲಿಷ್ ಮೊದಲಕ್ಷರಗಳಲ್ಲಿ ಎಸ್‌ಯುಪಿಡಬ್ಲ್ಯು ಎಂದು ಬರೆದ ಆ ಪೀರಿಯಡ್ಡಿನಲ್ಲಿ ಮಕ್ಕಳು ಅಂಗಳದ ಕಸ ಗುಡಿಸುತ್ತಿದ್ದರು, ಇಲ್ಲವೇ ಮುಗಿಯದ ಗಣಿತದ ಲೆಕ್ಕ ಮಾಡುತ್ತಿದ್ದರು. ನಾನೂ ಆ ಚೌಕದಲ್ಲಿ ಕುಳಿತು ಲೆಕ್ಕ ಮಾಡಿದವರಲ್ಲಿ ಒಬ್ಬ.

ಇಲ್ಲಿ ಒಂದು ಎಚ್ಚರಿಕೆಯನ್ನು ಬಿಟ್ಟು ಮುಂದೆ ಹೋಗುವುದು ಸರಿಯಲ್ಲ. ಶಾಲೆಯಲ್ಲಿ ಕಸುಬು ಎಂದಾಕ್ಷಣ ನಮ್ಮ ದೇಶದಲ್ಲಿ ಜಾತಿಯ ಪ್ರಶ್ನೆ ಏಳುತ್ತದೆ, ಏಳಲೇಬೇಕು. 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿ ತಂದ ಯೋಜನೆಯಲ್ಲಿ ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಇನ್ನರ್ಧ ದಿನ ಮನೆಯ ಕಸುಬಿನಲ್ಲಿ ಕಳೆಯಬೇಕಿತ್ತು. ಜನ ಅದನ್ನು ಕುಲಕಸುಬಿನ ಶಿಕ್ಷಣ ಎಂದು ಗುರುತಿಸಿ ಎದ್ದು ನಿಂತರು. 1954ರಲ್ಲಿ ಕಾಮರಾಜರ ಸರ್ಕಾರ ಅದನ್ನು ಕೈಬಿಟ್ಟಿತು. ಕುಂಬಾರನ ಮಗ ಮತ್ತೆ ತಿಗರಿ ಮುಂದೆ ಕೂರುವುದಕ್ಕೆ ಶಾಲೆಯ ಮುದ್ರೆ ಒತ್ತಿದರೆ ಅದನ್ನು ಬದುಕಿನ ಕಲಿಕೆ ಎನ್ನಲಾಗದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯ ಮಕ್ಕಳಿಗೆ 10 ಬ್ಯಾಗ್‌ರಹಿತ ದಿನಗಳನ್ನು ಸೂಚಿಸಿ, ಆಗ ಬಡಗಿ, ತೋಟಗಾರ, ಕುಂಬಾರ, ಕಲಾವಿದರ ಬಳಿ ಕಲಿಯಲಿ ಎನ್ನುತ್ತದೆ. ಮೈಸೂರಿನಲ್ಲಿ ಮಂಡಿ ಮೊಹಲ್ಲಾದ ಕುಂದಣದ ಕುಶಲಿಗರೂ ಕುಂಬಾರಗೇರಿಯವರೂ ದೂರವೇನಿಲ್ಲ. ಅವರ ಬಳಿ ಯಾವ ಬಡಾವಣೆಯ ಮಕ್ಕಳು ಹೋಗುತ್ತಾರೆ, ಹೋದವರು ಅವರನ್ನು ಗುರುಗಳೆಂದು ಕಾಣುತ್ತಾರೋ ಪ್ರದರ್ಶನದ ವಸ್ತುವೆಂದು ಕಾಣುತ್ತಾರೋ ಎಂಬುದರ ಮೇಲೆ ಆ ಹತ್ತು ದಿನಗಳ ಬೆಲೆ ನಿಲ್ಲುತ್ತದೆ.

ಈ ಇಡೀ ಚರಿತ್ರೆಯಲ್ಲಿ ನನಗೆ ಹೆಚ್ಚು ಬೆಳಕು ಕೊಟ್ಟದ್ದು ನಗರದಾಚೆಯ ಪ್ರಯೋಗ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕು ಕಾಡಂಚಿನದು. ಅಲ್ಲಿ ಜೇನುಕುರುಬರ, ಕಾಡುಕುರುಬರ ಹಾಡಿಗಳಿವೆ, ಕಬಿನಿ ಜಲಾಶಯಕ್ಕೆ ನೆಲ ಕಳೆದುಕೊಂಡ ಊರುಗಳಿವೆ, ಒಬ್ಬರೋ ಇಬ್ಬರೋ ಶಿಕ್ಷಕರಿದ್ದ ಶಾಲೆಗಳು ಬಹಳ ಇದ್ದವು. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ‘ನಲಿ-ಕಲಿ’ ಆರಂಭವಾಯಿತು. ಮದನಪಲ್ಲಿ ಹತ್ತಿರದ ಋಷಿ ವ್ಯಾಲಿಯವರು ಸುತ್ತಲಿನ ಹಳ್ಳಿಗಳಲ್ಲಿ ನಡೆಸುತ್ತಿದ್ದ ಬಹುವರ್ಗ ಶಾಲೆಗಳನ್ನು ನೋಡಿಬಂದ ಶಿಕ್ಷಕರು, ತಾವೇ ಕುಳಿತು ಕನ್ನಡದ ಕಲಿಕಾ ಕಾರ್ಡುಗಳನ್ನು ಬರೆದರು. ಬೇರೆ ಯೋಜನೆಗಳು ಮೇಲಿನಿಂದ ಇಳಿದವು, ಇದು ತರಗತಿಯೊಳಗಿಂದ ಎದ್ದಿತು.

ನಲಿ-ಕಲಿ ಕೊಠಡಿಯ ಏರ್ಪಾಟನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನನ್ನ ವಾದವೆಲ್ಲ ಇರುವುದು ಅದರಲ್ಲೇ. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗುಂಪಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ ಇರುತ್ತದೆ. ಅದರ ಮೆಟ್ಟಿಲುಗಳಲ್ಲಿ ಪ್ರಾಣಿ, ಪಕ್ಷಿ, ವಾಹನಗಳ ಚಿತ್ರಗಳು, ಶಿಕ್ಷಕರ ಮಾತಿನಲ್ಲಿ ಲೋಗೋಗಳು. ಅಕ್ಷರ ಬಾರದ ಮಗುವೂ ಚಿತ್ರ ನೋಡಿ ತಾನು ಯಾವ ಮೆಟ್ಟಿಲಲ್ಲಿದ್ದೇನೆ ಎಂದು ಗುರುತಿಸುತ್ತದೆ. ಅದಕ್ಕೆ ತಕ್ಕ ಕಾರ್ಡನ್ನು ತಾನೇ ಹುಡುಕಿ ತರುತ್ತದೆ, ತಕ್ಕ ‘ತಟ್ಟೆ’ಗೆ ಹೋಗಿ ಕೂರುತ್ತದೆ. ತಟ್ಟೆ ಎಂದರೆ ಗುಂಪು. ಒಂದು ತಟ್ಟೆಯಲ್ಲಿ ಶಿಕ್ಷಕರ ಪೂರ್ಣ ನೆರವು, ಮತ್ತೊಂದರಲ್ಲಿ ಭಾಗಶಃ. ಮುಂದಿನವುಗಳಲ್ಲಿ ನೆರವು ಸಹಪಾಠಿಗಳದು, ಕೊನೆಗೆ ಮಗು ತಾನೇ ಕಲಿಯುವ ತಟ್ಟೆ. ಗೋಡೆಯ ಬುಡದಲ್ಲಿ ಮಕ್ಕಳ ಎತ್ತರಕ್ಕೆ ಕರಿಹಲಗೆ, ಅದರಲ್ಲಿ ಒಬ್ಬೊಬ್ಬರಿಗೂ ಒಂದೊಂದು ಪಾಲು. ತಲೆಯ ಮೇಲೆ ದಾರ ಕಟ್ಟಿದ ಚಪ್ಪರ, ಅದಕ್ಕೆ ಮಕ್ಕಳು ಮಾಡಿದ ಚಿತ್ರ, ಕಾಗದದ ಕೆಲಸ ತೂಗಾಡುತ್ತವೆ. ಇಂದು ಮೋಡವೋ ಬಿಸಿಲೋ ಎಂದು ಹವಾಮಾನ ನಕ್ಷೆಯಲ್ಲಿ ಗುರುತು ಮಾಡುವುದೂ ಮಕ್ಕಳ ಕೆಲಸ. ಹಬ್ಬಕ್ಕೋ ಸುಗ್ಗಿಗೋ ನಾಲ್ಕು ದಿನ ಬಾರದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. ಪಾಠ ತಪ್ಪಿತೆಂಬ ಭಯಕ್ಕೆ ಶಾಲೆ ಬಿಡಬೇಕಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲಿ ಪಟ್ಟಿ ಮಾಡಿದ ಹತ್ತು ಜೀವನ ಕೌಶಲಗಳಲ್ಲಿ ತನ್ನನ್ನು ತಾನು ಅರಿಯುವುದು, ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ಇತರರೊಡನೆ ಹೊಂದಿ ನಡೆಯುವುದು, ಅವರ ನೋವು ಅರಿಯುವುದು ಸೇರಿವೆ. ಮೇಲಿನ ಕೋಣೆಯನ್ನು ಮತ್ತೊಮ್ಮೆ ಕಣ್ಣೆದುರು ತಂದುಕೊಳ್ಳಿ. ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕುವ ಆರು ವರ್ಷದ ಹುಡುಗಿ ತನ್ನನ್ನು ಅರಿಯುವುದನ್ನೇ ಮಾಡುತ್ತಿದ್ದಾಳೆ. ತನಗಿಂತ ಚಿಕ್ಕವನಿಗೆ ಕಾರ್ಡು ಓದಿಸುವ ಮೂರನೇ ತರಗತಿಯವನು ತಾಳ್ಮೆ ಕಲಿಯುತ್ತಿದ್ದಾನೆ. ‘ಜೀವನ ಕೌಶಲ’ ಎಂಬ ಪಾಠ ಆ ಕೋಣೆಯಲ್ಲಿ ಎಲ್ಲೂ ಇಲ್ಲ. ಯಾರು ಎಲ್ಲಿ ಕೂರಬೇಕು, ಯಾರು ಯಾರನ್ನು ಕೇಳಬಹುದು, ಮುಂದಿನ ಹೆಜ್ಜೆಯನ್ನು ಯಾರು ತೀರ್ಮಾನಿಸುತ್ತಾರೆ ಎಂಬ ಏರ್ಪಾಟಿನಲ್ಲಿ ಅದು ಹುದುಗಿದೆ. ತಾಂತ್ರಿಕ ಸಂಸ್ಥೆಯಲ್ಲಿ ಬದುಕಿನ ಕಲಿಕೆ ಬೇರೆ ಕಟ್ಟಡಕ್ಕೆ ಹೋಯಿತು, ಬಹೂದ್ದೇಶ ಶಾಲೆಯಲ್ಲಿ ಬೇರೆ ಕವಲಿಗೆ, ಎಸ್‌ಯುಪಿಡಬ್ಲ್ಯುನಲ್ಲಿ ಬೇರೆ ಪೀರಿಯಡ್ಡಿಗೆ. ಬೇರೆ ಇಟ್ಟದ್ದನ್ನು ತೆಗೆದುಹಾಕುವುದು ಸುಲಭ. ಕೂರುವ ರೀತಿಯಲ್ಲೇ ಬೆರೆತದ್ದನ್ನು ತೆಗೆಯಬೇಕಾದರೆ ತರಗತಿಯನ್ನೇ ಬಿಚ್ಚಬೇಕು.

ನಲಿ-ಕಲಿಯ ಮೇಲಿನ ಆಕ್ಷೇಪಗಳನ್ನೂ ಮರೆಮಾಚಬಾರದು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು, ಮೈಸೂರು ನಗರದ ಶಾಲೆಗಳಿಗೂ ಬಂತು. ಒಂದು ತಾಲ್ಲೂಕಿನ ಶಿಕ್ಷಕರು ತಮ್ಮ ಮಕ್ಕಳಿಗಾಗಿ ಕೈಯಾರೆ ಬರೆದ ಕಾರ್ಡುಗಳ ಜಾಗದಲ್ಲಿ ಎಲ್ಲರಿಗೂ ಒಂದೇ ಅಚ್ಚಿನ ಕಾರ್ಡುಗಳು ಬಂದವು. ಮಾಡಿದವರಿಗಿದ್ದ ಉತ್ಸಾಹ ಪಡೆದವರಲ್ಲಿ ಇರಬೇಕೆಂದು ಬಯಸುವುದು ಕಷ್ಟ. ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸುವುದು ಶಿಕ್ಷಕರ ಕೊರತೆಯನ್ನು ಮುಚ್ಚುವ ಉಪಾಯವಾಗಬಹುದೆಂಬ ಅನುಮಾನವೂ ಇದೆ. ದಾಖಲೆ ತುಂಬುವ ಹೊರೆಯಲ್ಲಿ ಶಿಕ್ಷಕಿಗೆ ಮಗುವಿನ ಮುಖ ನೋಡಲು ಪುರಸೊತ್ತಿಲ್ಲ ಎಂಬ ಮಾತು ಹುರುಳಿಲ್ಲದ್ದಲ್ಲ. ಇವೆಲ್ಲ ನಿಜವಿರಬಹುದು. ಆದರೆ ಇವು ಏರ್ಪಾಟಿನ ತತ್ವವನ್ನು ಅಲ್ಲಗಳೆಯುವುದಿಲ್ಲ, ಅದನ್ನು ನಡೆಸಲು ಬೇಕಾದ ಜನ ಮತ್ತು ನಂಬಿಕೆಯನ್ನು ನಾವು ಕೊಡಲಿಲ್ಲ ಎಂಬುದನ್ನು ಹೇಳುತ್ತವೆ.

ನಗರದೊಳಗೆ ಇದಕ್ಕೆ ಹತ್ತಿರದ ಸಂಬಂಧಿ ಸಿಗುವುದು ಶಾಲೆಯಲ್ಲಲ್ಲ, ರಂಗಭೂಮಿಯಲ್ಲಿ. 1989ರಲ್ಲಿ ಬಿ.ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣದ ಬೇಸಿಗೆಯ ‘ಚಿಣ್ಣರ ಮೇಳ’ ಮೈಸೂರಿನ ಮನೆಮಾತು. ಮಂಡ್ಯ ರಮೇಶ್ ಅವರ ‘ನಟನ’ದಲ್ಲಿ ‘ರಜಾ ಮಜಾ’ ಶಿಬಿರ ನಡೆಯುತ್ತದೆ. ನಾಟಕ ಕಟ್ಟುವಾಗ ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಕಾಯಬೇಕು, ರಾಜನ ಪಾತ್ರ ಸಿಗದವನು ಮರವಾಗಿ ನಿಲ್ಲುವುದಕ್ಕೂ ಬೆಲೆಯಿದೆ ಎಂದು ಕಲಿಯಬೇಕು, ತಪ್ಪಿದ್ದನ್ನು ಪ್ರೇಕ್ಷಕರೆದುರೇ ಸರಿಪಡಿಸಿಕೊಂಡು ಮುಂದೆ ಹೋಗಬೇಕು. ಇಲ್ಲೂ ಕೌಶಲ ಏರ್ಪಾಟಿನೊಳಗೇ ಇದೆ. ಆದರೆ ಶಿಬಿರ ಮುಗಿದು ಶಾಲೆ ತೆರೆದರೆ ಅದೇ ಮಗು ಮತ್ತೆ ಬೆಂಚಿನಲ್ಲಿ ಕೈಕಟ್ಟಿ ಕೂರುತ್ತದೆ. ರಜೆಯ ಕಲಿಕೆಗೂ ಜೂನ್ ತಿಂಗಳ ಕಲಿಕೆಗೂ ನಡುವೆ ಸೇತುವೆ ಇಲ್ಲ. ಸರ್ಕಾರಿ ಶಾಲೆಗಳ ‘ಸಂಭ್ರಮ ಶನಿವಾರ’ ತಿಂಗಳಿಗೊಮ್ಮೆ ಚೀಲ ಇಳಿಸಿದೆ, ಅದಕ್ಕೆ ಸಂತೋಷವಿದೆ, ಉಳಿದ ದಿನಗಳ ಕೂರುವ ರೀತಿಯನ್ನು ಅದು ಮುಟ್ಟಿಲ್ಲ. ಪ್ರೌಢಶಾಲೆಗಳಿಗೆ ನಿಮ್ಹಾನ್ಸ್ ಪರಿಣತರು ರೂಪಿಸಿದ ಜೀವನ ಕೌಶಲ ಮಾದರಿಯ ವಿಶೇಷವೆಂದರೆ, ಅದನ್ನು ನಡೆಸುವವರು ಹೊರಗಿನವರಲ್ಲ, ತರಬೇತಿ ಪಡೆದ ಅದೇ ಶಾಲೆಯ ಶಿಕ್ಷಕರು. ಆದರೂ ಹದಿಹರೆಯದವರೆಗೆ ಕಾಯುವ ಅಗತ್ಯ ಏನಿತ್ತು ಎಂಬ ಪ್ರಶ್ನೆ ಉಳಿಯುತ್ತದೆ.

ಹಾಗಾಗಿ ಮುಂದಿನ ಅಧ್ಯಯನ ನಡೆಯಬೇಕಾದ ಜಾಗ ಸ್ಪಷ್ಟವಿದೆ: ನಾಲ್ಕನೇ ತರಗತಿ. ನಲಿ-ಕಲಿ ಮೂರಕ್ಕೆ ನಿಲ್ಲುತ್ತದೆ. ಮೂರು ವರ್ಷ ತನ್ನ ಮೆಟ್ಟಿಲನ್ನು ತಾನೇ ಹುಡುಕಿದ ಮಗುವಿಗೆ ಆಮೇಲೆ ಏನಾಗುತ್ತದೆ ಎಂಬುದನ್ನು ಅಂಕಪಟ್ಟಿ ಹೇಳಲಾರದು. ಆ ಮಗು ಎಷ್ಟು ಸಲ ಪ್ರಶ್ನೆ ಕೇಳುತ್ತದೆ, ಪಕ್ಕದವರಿಂದ ಎಷ್ಟು ಸಲ ನೆರವು ಪಡೆಯುತ್ತದೆ, ಗೊತ್ತಿಲ್ಲ ಎನ್ನಲು ಎಷ್ಟು ಹೆದರುತ್ತದೆ ಎಂಬುದನ್ನು ಮೂರನೇ ತರಗತಿಯ ಮಾರ್ಚ್‌ನಲ್ಲೂ ನಾಲ್ಕನೇ ತರಗತಿಯ ಆಗಸ್ಟ್‌ನಲ್ಲೂ ಕುಳಿತು ಬರೆದುಕೊಳ್ಳಬೇಕು. ಈ ಕೆಲಸಕ್ಕೆ ದೊಡ್ಡ ಅನುದಾನ ಬೇಡ, ಒಂದು ನೋಟ್‌ಬುಕ್ಕು ಮತ್ತು ತರಗತಿಯ ಹಿಂದೆ ಕೂರಲು ಅನುಮತಿ ಸಾಕು. ಮಾನಸಗಂಗೋತ್ರಿಯ ಪಕ್ಕದ ಸಂಸ್ಥೆಯಲ್ಲಿ ಪ್ರತಿವರ್ಷ ಶಿಕ್ಷಕರಾಗಲು ಬರುವ ವಿದ್ಯಾರ್ಥಿಗಳು ಇದನ್ನು ಮಾಡಬಹುದು.

ಜೂನ್‌ನಲ್ಲಿ ಶಾಲೆ ತೆರೆದ ದಿನ ಆ ಮಕ್ಕಳು ಪಕ್ಕದ ಕೋಣೆಗೆ ಹೋಗುತ್ತಾರೆ. ಅಲ್ಲಿ ಏಣಿ ಇಲ್ಲ, ತಟ್ಟೆ ಇಲ್ಲ, ಚಪ್ಪರ ಇಲ್ಲ. ಕರಿಹಲಗೆ ದೊಡ್ಡವರ ಎತ್ತರಕ್ಕಿದೆ, ಬೆಂಚುಗಳೆಲ್ಲ ಅದರ ಕಡೆ ಮುಖ ಮಾಡಿವೆ.